ಉಪ್ಪು ಮರಳಿದ ದಿನ

ನಮ್ಮ ಬೀದಿಯಲ್ಲಿ ಹಾಲುಗೂಸು ಹಸಿದಿದ್ದರೆ ಯಾರ ಮನೆಯ ಅಡುಗೆಗೂ ಉಪ್ಪು ಹಿಡಿಯುವುದಿಲ್ಲ. ಚಿಟಿಕೆ ಹಾಕಿದರೂ ಅಷ್ಟೇ, ಸೇರು ಸುರಿದರೂ ಅಷ್ಟೇ. ಸಾರು, ಪಲ್ಯ, ಮಜ್ಜಿಗೆ ಎಲ್ಲ ಸಪ್ಪೆ. ವರ್ಷದ ಹಿಂದೆ ಭರಣಿಗೆ ತುಂಬಿಟ್ಟ ಮಾವಿನಕಾಯಿ ಉಪ್ಪಿನಕಾಯಿಯೂ ಆ ಹೊತ್ತಿಗೆ ನಾಲಿಗೆಗೆ ಬರೀ ಹುಳಿ. ಮಗುವಿನ ಹೊಟ್ಟೆ ತುಂಬಿದ ಕೂಡಲೇ ಎಲ್ಲರ ಪಾತ್ರೆಗೂ ಒಟ್ಟಿಗೇ ರುಚಿ ಬರುತ್ತದೆ. ಆರು ತಿಂಗಳು ತುಂಬಿ ರಾಗಿ ಮಣ್ಣಿ ತಿನ್ನಿಸಲು ಶುರು ಮಾಡಿದ ಮೇಲೆ ಮಗುವಿನ ಹಸಿವು ಅದರ ಮನೆಯದು. ಅಲ್ಲಿಯವರೆಗೆ ಬೀದಿಯದು.

ನಾನು ಮಲ್ಲಾಜಮ್ಮ. ಬೀದಿಯ ಕೊನೆಯಲ್ಲಿ, ಬಸ್ಸು ತಿರುಗುವ ಜಾಗದಲ್ಲಿ ಒಂದು ಮೆಸ್ ನಡೆಸುತ್ತೇನೆ. ಮಧ್ಯಾಹ್ನಕ್ಕೆ ನಲವತ್ತು ಐವತ್ತು ಎಲೆ ಬೀಳುತ್ತವೆ. ಶಾಲೆಯ ಮೇಷ್ಟ್ರುಗಳು, ಬಸ್ಸಿನವರು, ಕಚೇರಿಗೆ ಬಂದು ಕೆಲಸವಾಗದೆ ಕಾಯುವ ಹಳ್ಳಿಯವರು. ಹೊಸಬರು ಮೊದಲ ತುತ್ತಿಗೇ ಮುಖ ಗಂಟು ಹಾಕಿ ಉಪ್ಪಿನ ಬಟ್ಟಲು ಕೇಳುತ್ತಾರೆ. ಪಕ್ಕದಲ್ಲಿ ಕೂತ ಹಳಬರು, "ಸ್ವಲ್ಪ ಕೈ ನಿಲ್ಸಿ ಸ್ವಾಮಿ, ತಾಯಿ ಬಟ್ಟೆ ಒಗೆಯಕ್ಕೆ ಹೋಗಿರಬೇಕು, ಬರ್ತಾಳೆ" ಅನ್ನುತ್ತಾರೆ. ಕಲಸಿದ ಅನ್ನದ ಮೇಲೆ ಕೈಯಿಟ್ಟು ಐದು ನಿಮಿಷ ಎಲ್ಲರೂ ಸುಮ್ಮನೆ ಕೂರುತ್ತಾರೆ. ಆಮೇಲೆ ಯಾರೋ ಒಬ್ಬರು ಬೆರಳು ನೆಕ್ಕಿ ನೋಡಿ, "ಹಾಂ, ಬಂತು" ಎಂದರೆ ಊಟ ಮುಂದುವರಿಯುತ್ತದೆ. ನಮಗೆ ಇದು ರೂಢಿ. ಬೀದಿಯಲ್ಲಿ ಎಳೆಗೂಸು ಇದ್ದ ದಿನಗಳಲ್ಲಿ ಉಪ್ಪು ದಿನಕ್ಕೆ ಎಂಟು ಹತ್ತು ಸಲ ಹೋಗುತ್ತದೆ, ಬರುತ್ತದೆ.

ಆ ಬೇಸಿಗೆಯಲ್ಲಿ ನೀರುಗಂಟಿ ಷಡಕ್ಷರಿಯ ಹೆಂಡತಿ ಸುಗುಣಳಿಗೆ ಹೆಣ್ಣುಮಗುವಾಯಿತು. ಷಡಕ್ಷರಿ ನಮ್ಮ ಊರಿಗೆ ನೀರು ಬಿಡುವವನು. ಬೆಳಿಗ್ಗೆ ಸೈಕಲ್ಲಿನ ಮೇಲೆ ಉದ್ದನೆಯ ವಾಲ್ವ್ ಕೀಲಿ ಕಟ್ಟಿಕೊಂಡು ಹೊರಟರೆ ಯಾವ ಬೀದಿಗೆ ಎಷ್ಟು ಹೊತ್ತು ಅನ್ನುವುದು ಅವನ ಕೈಯಲ್ಲೇ ಇತ್ತು. ಆದರೂ ಯಾರ ಮೇಲೂ ದರ್ಪ ತೋರಿಸಿದವನಲ್ಲ. ಸುಗುಣಳಿಗೆ ತಾಯಿ ಇರಲಿಲ್ಲ. ಹಾಗಾಗಿ ಚೊಚ್ಚಲ ಬಾಣಂತನ ಅತ್ತೆ ರುದ್ರಾಣಮ್ಮನ ಮನೆಯಲ್ಲೇ ನಡೆಯಿತು. ಹೆರಿಗೆಯಲ್ಲಿ ಹುಡುಗಿಗೆ ರಕ್ತ ಬಹಳ ಹೋಗಿತ್ತು. ಎರಡು ಬಾಟಲಿ ರಕ್ತ ಏರಿಸಿ ಉಳಿಸಿಕೊಂಡರಂತೆ. ನಾಲ್ಕನೇ ದಿನ ಆಟೋದಿಂದ ಇಳಿದಾಗ ಅವಳ ಮುಖ ಸುಣ್ಣ ಬಳಿದ ಹಾಗಿತ್ತು. ಮಗು ಮಾತ್ರ ತುಂಬುಗೆನ್ನೆಯದು. ಎರಡು ಕೆಜಿ ಏಳುನೂರು ಗ್ರಾಂ ಎಂದು ರುದ್ರಾಣಮ್ಮ ಎದುರಾದವರಿಗೆಲ್ಲ ಹೇಳಿದರು.

ಬಂದ ಚೂರು ಹಾಲು ಮೊದಮೊದಲು ಮಗುವಿಗೆ ಸಾಕಾಗುತ್ತಿತ್ತೇನೋ, ಒಂಬತ್ತನೇ ದಿನ ಉಪ್ಪು ಹೋಯಿತು. ಹೋದದ್ದು ಹೋಗಿಯೇ ಇತ್ತು. ಮಧ್ಯಾಹ್ನದ ಎಲೆಗಳ ಮುಂದೆ ಕಾಲು ಗಂಟೆ ಕಾದರು, ಅರ್ಧ ಗಂಟೆ ಕಾದರು, ಆಮೇಲೆ ಸಪ್ಪೆ ಅನ್ನವನ್ನೇ ಉಂಡು ಎದ್ದರು. ಸಂಜೆ ಒಂದು ಗಳಿಗೆ ಬಂದ ಹಾಗಾಗಿ ಮತ್ತೆ ಹೋಯಿತು. ಮಾರನೇ ದಿನ ಅದೇ. ಮೂರನೇ ದಿನ ಅದೇ. ಬೀದಿಯವರು ಮೊದಲು ಕನಿಕರ ತೋರಿಸಿದರು. ಒಬ್ಬರು ಸಬ್ಬಸಿಗೆ ಸೊಪ್ಪು ಕೊಟ್ಟು ಬಂದರು, ಇನ್ನೊಬ್ಬರು ಬೆಳ್ಳುಳ್ಳಿ ಸುಲಿದು ಕಳಿಸಿದರು, ಮೆಂತ್ಯದ ಗಂಜಿ ಹೋಯಿತು. ಐದನೇ ದಿನಕ್ಕೆ ಕನಿಕರ ಹಳಸಿತು. ನಲ್ಲಿಯ ಹತ್ತಿರ, ಕಟ್ಟೆಯ ಮೇಲೆ, ಎಲ್ಲಿ ನೋಡಿದರೂ ಸುಗುಣಳದೇ ಮಾತು. ಹುಡುಗಿ ಸೋಮಾರಿ ಅಂದರು. ಅಂದ ಕೆಡುತ್ತೆ ಅಂತ ಎದೆ ಕೊಡುತ್ತಿಲ್ಲ ಅಂದರು.

ಬಾಯಿಬಿಟ್ಟು ಅವಳ ಮುಖಕ್ಕೇ ಅಂದವಳು ನಾನು. ಆರನೇ ದಿನ ನನ್ನ ಮೆಸ್ಸಿನಲ್ಲಿ ಅನ್ನ ಅರ್ಧಕ್ಕರ್ಧ ಉಳಿದಿತ್ತು. ದೂರದ ಬಸ್ಸಿನವರು ಕೆಳಗಿನ ಊರಿನಲ್ಲೇ ಉಂಡು ಬರಲು ಶುರು ಮಾಡಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಸೀದಾ ಅವರ ಮನೆಗೆ ಹೋದೆ. ಬೀದಿಯ ಇನ್ನಿಬ್ಬರು ಹೆಂಗಸರು ಅಲ್ಲೇ ಕೂತಿದ್ದರು. ಸುಗುಣ ಗೋಡೆಗೊರಗಿ ಮಗುವನ್ನು ಎದೆಗೆ ಹಾಕಿಕೊಂಡಿದ್ದಳು.

"ನೋಡಮ್ಮ, ನನ್ನ ಒಲೆ ಮೇಲೆ ನಲವತ್ತು ಜನರ ಊಟ ಇರತ್ತೆ" ಎಂದೆ. "ಹೆತ್ತ ಮಗುಗೆ ಹಾಲು ಕೊಡೋದು ನಿಂಗೆ ಅಷ್ಟೊಂದು ಭಾರವಾ? ಹಿಂದಿನೋರು ಹತ್ತು ಹತ್ತು ಹೆತ್ತು ಸಾಕ್ಲಿಲ್ವಾ?"

ಅವಳು ತಲೆ ಎತ್ತಲಿಲ್ಲ. "ಕೊಡ್ತಾನೇ ಇದ್ದೀನಿ ದೊಡ್ಡಮ್ಮ. ಇಡೀ ದಿನ ಎದೆ ಮೇಲೇ ಇರ್ತಾಳೆ. ಚೀಪ್ತಾಳೆ, ಚೀಪ್ತಾಳೆ, ಬಿಟ್ಟ ತಕ್ಷಣ ಅಳ್ತಾಳೆ. ಏನು ಮಾಡ್ಲಿ ಹೇಳಿ, ಮಾಡ್ತೀನಿ."

ಏನು ಮಾಡಬೇಕೆಂದು ನಾನು ಹೇಳಲಿಲ್ಲ. ಹೇಳಲು ಹೋದವಳೂ ಅಲ್ಲ. ರುದ್ರಾಣಮ್ಮ ಅಡುಗೆಮನೆಯ ಬಾಗಿಲಲ್ಲಿ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯ ತಟ್ಟೆ ಹಿಡಿದು ನಿಂತಿದ್ದರು. ಸೊಸೆಗೆ ಬಿದ್ದ ಮಾತು ತಮಗೇ ಬಿದ್ದ ಹಾಗೆ ಅವರ ಮುಖ ಕೆಂಪಾಗಿತ್ತು. ಆದರೆ ನನಗೆ ಎದುರಾಡಲಿಲ್ಲ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಮಾತಿನಲ್ಲಿ ಮಾತ್ರ ತುಂಬಾ ಹಿಡಿತದವರು.

ಎರಡು ದಿನ ಕಳೆದು ಮಧ್ಯಾಹ್ನ ಉಪ್ಪು ಮರಳಿತು. ಹುರುಳಿಕಾಳಿನ ಸಾರು ಬಡಿಸುತ್ತಿದ್ದೆ. ಮೂಲೆಯಲ್ಲಿ ಕೂತಿದ್ದ ಕಂಡಕ್ಟರು ಮೊದಲ ತುತ್ತಿಗೇ ತಲೆ ಎತ್ತಿ ನನ್ನ ಕಡೆ ನೋಡಿ ನಕ್ಕ. ಒಬ್ಬೊಬ್ಬರೂ ಎರಡೆರಡು ಸಲ ಸಾರು ಹಾಕಿಸಿಕೊಂಡರು. ಬೀದಿಯಲ್ಲಿ ಹಬ್ಬದ ಕಳೆ ಬಂತು. ಸುಗುಣಳ ಬಗ್ಗೆ ಹಗುರವಾಗಿ ಮಾತಾಡಿದವರೇ, "ಪಾಪ, ಹುಡುಗಿಗೆ ಹಾಲು ಇಳೀತು" ಎಂದು ಸಮಾಧಾನ ಪಟ್ಟರು. ನಾನೂ ಪಟ್ಟೆ. ನನ್ನ ಮಾತು ನಾಟಿತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಮಾರನೇ ದಿನವೂ ಉಪ್ಪು ಇತ್ತು. ಬೆಳಗಿನ ಉಪ್ಪಿಟ್ಟಿಗೂ ಇತ್ತು, ಮಧ್ಯಾಹ್ನವೂ ಇತ್ತು, ಸಂಜೆಯೂ ಇತ್ತು. ಅದರ ಮಾರನೇ ದಿನವೂ ಹಾಗೇ. ಒಂದು ವಾರ ಒಂದೇ ಒಂದು ಸಲ ಕೂಡ ನಾಲಿಗೆಗೆ ಸಪ್ಪೆ ತಟ್ಟಲಿಲ್ಲ. ಬೀದಿಯವರಿಗೆ ಇದು ಇನ್ನೂ ಖುಷಿ. ನನಗೆ ಐದನೇ ದಿನದ ಹೊತ್ತಿಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಎದೆಹಾಲು ಕುಡಿಯುವ ಮಗು ಎರಡು ಗಂಟೆಗೊಮ್ಮೆ ಹಸಿಯಬೇಕು. ಹಸಿದಾಗ ನಮ್ಮ ಸಾರು ಒಂದು ಗಳಿಗೆ ಸಪ್ಪೆಯಾಗಬೇಕು. ಈ ಮಗುವಿಗೆ ಹಸಿವೇ ಆಗುತ್ತಿಲ್ಲ. ಏಳನೇ ದಿನ ಅಕ್ಕಿ ತೊಳೆಯುತ್ತಿದ್ದವಳು ಹಾಗೇ ಕೈಬಿಟ್ಟು ಕೂತೆ. ಹೀಗೆ ಉಪ್ಪು ಅಲುಗಾಡದೆ ನಿಂತದ್ದನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ. ಆಗ ಮಗು ನನ್ನದಾಗಿತ್ತು.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ನಾನು ಹೆತ್ತ ಹದಿನೈದನೇ ದಿನಕ್ಕೆ ಎಡಗಡೆ ಎದೆ ಬಾತು ಕೀವು ಕಟ್ಟಿತು. ಚಳಿಜ್ವರ ಬಂದು ಹಾಸಿಗೆ ಹಿಡಿದೆ. ಡಾಕ್ಟರು ಕುಯ್ದು ಪಟ್ಟಿ ಕಟ್ಟಿದರು. ಇನ್ನೊಂದು ಎದೆಯಲ್ಲೂ ಹಾಲು ಬತ್ತಿತು. ಬೀದಿಗೆ ಬೀದಿಯೇ ಸಪ್ಪೆ ಉಣ್ಣುತ್ತಿದೆ ಎಂದು ನನ್ನ ಅತ್ತೆ ಪೇಟೆಯಿಂದ ಹಾಲಿನ ಪುಡಿಯ ಡಬ್ಬಿ ತರಿಸಿದರು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಓದುವವರು ನಮ್ಮ ಮನೆಯಲ್ಲಿ ಇರಲಿಲ್ಲ. "ಎಳೇ ಕೂಸಿಗೆ ಗಟ್ಟಿ ಹಾಲು ದಕ್ಕಲ್ಲ, ತೆಳ್ಳಗೆ ಕಲಸು" ಎಂದರು ಅತ್ತೆ. ದೊಡ್ಡ ಲೋಟದ ತುಂಬ ನೀರಿಗೆ ನಾನೇ ಒಂದು ಚಮಚ ಪುಡಿ ಹಾಕಿ ಕಲಕಿದೆ. ಮಗು ಕುಡಿದು ಮಲಗಿತು. ಬೀದಿಗೆ ಉಪ್ಪು ಬಂತು, ಬಂದದ್ದು ನಿಂತಿತು. ಬಂದವರೆಲ್ಲ ಎಂಥ ಸಾಧು ಕೂಸು, ಅಳುವುದೇ ಇಲ್ಲ ಅನ್ನುತ್ತಿದ್ದರು. ಮೂರನೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಮಗುವಿನ ಕೈಕಾಲು ಸೆಟೆದುಕೊಂಡವು. ಮಧ್ಯಾಹ್ನದೊಳಗೆ ಹೋಯಿತು. ಬಾಲಗ್ರಹ ಅಂದರು. ನಾನೂ ಹಾಗೇ ನಂಬಿದೆ.

ಒಂಬತ್ತು ವರ್ಷದ ಮೇಲೆ ನಮ್ಮ ಊರಿಗೆ ನರ್ಸ್ ಜುಬೇದಮ್ಮ ಬಂದರು. ಅಂಗನವಾಡಿಯಲ್ಲಿ ತಾಯಂದಿರಿಗೆಂದು ಒಂದು ಕ್ಯಾಂಪ್ ಮಾಡಿಸಿದರು. ಅಡುಗೆ ನನ್ನದು. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಎಂದರು. ತಾಯಿಯ ಹಾಲು ಸಾಲದಿದ್ದರೆ ಡಾಕ್ಟರನ್ನು ಕೇಳಿ ಪುಡಿಹಾಲು ಕೊಡಬಹುದು, ಆದರೆ ಡಬ್ಬಿಯಲ್ಲಿ ಹೇಳಿದ ಅಳತೆಗೆ ಒಂದು ಚೂರು ಕಮ್ಮಿ ಇಲ್ಲ, ಒಂದು ಚೂರು ಜಾಸ್ತಿ ಇಲ್ಲ ಎಂದರು. ತೆಳ್ಳಗೆ ಮಾಡಿದರೆ ಮಗು ಹೊಟ್ಟೆ ತುಂಬ ನೀರು ಕುಡಿದು ಉಪವಾಸ ಸಾಯುತ್ತೆ ಎಂದರು. ನಾನು ಬಾಗಿಲ ಹತ್ತಿರ ಸೌಟು ಹಿಡಿದು ನಿಂತು ಕೇಳಿಸಿಕೊಂಡೆ. ಆಮೇಲೆ ಎಲ್ಲರಿಗೂ ಪಾಯಸ ಬಡಿಸಿದೆ. ಮನೆಗೆ ಹೋದ ಮೇಲೂ ಯಜಮಾನರಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ. ಇಬ್ಬರೂ ತೀರಿಕೊಂಡ ಮೇಲೆ ಹೇಳಲು ಯಾರೂ ಉಳಿಯಲಿಲ್ಲ. ಉಪ್ಪಿಗೆ ಗೊತ್ತಾಗುವುದು ಹೊಟ್ಟೆ ತುಂಬಿತೋ ಇಲ್ಲವೋ ಅಷ್ಟೇ. ಏನು ತುಂಬಿತು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಬೀದಿಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಅಕ್ಕಿಯನ್ನು ಹಾಗೇ ಬಿಟ್ಟು ಜುಬೇದಮ್ಮನ ಹತ್ತಿರ ಹೋದೆ. ನನ್ನ ಮಗುವಿನ ಸುದ್ದಿ ಎತ್ತದೆ, ಷಡಕ್ಷರಿಯ ಮಗುವನ್ನು ಒಮ್ಮೆ ತೂಗಿ ನೋಡಿ ಎಂದಷ್ಟೇ ಹೇಳಿದೆ. "ಎರಡು ಸಲ ಹೋದೆ ಮಲ್ಲಾಜಮ್ಮ. ತಿಂಗಳು ತುಂಬೋವರೆಗೂ ತಕ್ಕಡಿಗೆ ಹಾಕೋ ಪದ್ಧತಿ ಇಲ್ಲ ಅಂತ ವಾಪಸ್ ಕಳಿಸಿದ್ರು" ಎಂದರು. ಜೋಲಿ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ನನ್ನ ಜೊತೆ ಹೊರಟರು.

ಬಾಗಿಲು ತೆಗೆದ ರುದ್ರಾಣಮ್ಮ ತಕ್ಕಡಿಯ ಚೀಲ ನೋಡಿದ ಕೂಡಲೇ ಹೊಸ್ತಿಲಲ್ಲೇ ನಿಂತುಬಿಟ್ಟರು. "ಈಗೇನು ತಾಯಿ? ಉಪ್ಪು ಇಲ್ಲದಿದ್ದಾಗ ಬೈದ್ರಿ. ಈಗ ಉಪ್ಪು ಇದೆಯಲ್ಲ. ಇನ್ನೂ ಏನು ಬೇಕು ನಿಮಗೆ?"

"ಮಗುಗೆ ಏನು ಕೊಡ್ತಾ ಇದ್ದೀರಿ ಅಮ್ಮ?" ಜುಬೇದಮ್ಮ ಮೆತ್ತಗೆ ಕೇಳಿದರು.

"ತಾಯಿ ಹಾಲು."

"ಉಚ್ಚೆ ಎಷ್ಟು ಸಲ ಮಾಡ್ತಾಳೆ?"

"ಹತ್ತು ಹನ್ನೆರಡು ಸಲ ಮಾಡ್ತಾಳೆ. ಬಟ್ಟೆ ಒಗೆದು ಒಗೆದು ನನ್ನ ಕೈ ಸವೆದಿದೆ. ಚೆನ್ನಾಗಿದ್ದಾಳೆ. ಹೋಗಿಬನ್ನಿ."

ಒಳಗಿಂದ ಮಗುವಿನ ಸದ್ದೇ ಇರಲಿಲ್ಲ. ಸುಗುಣ ಗೋಡೆಯ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವುದು ಅವಳ ಸೀರೆಯ ಅಂಚಿನಿಂದ ಗೊತ್ತಾಗುತ್ತಿತ್ತು. ಜುಬೇದಮ್ಮ ನನ್ನ ಕಡೆ ನೋಡಿದರು. ಇನ್ನೊಂದು ಮಾತಿಗೆ ಬಾಗಿಲು ಮುಚ್ಚುವುದು ಖಂಡಿತ ಎಂದು ನನಗೆ ಕಂಡಿತು.

"ರುದ್ರಾಣಮ್ಮನೋರೆ" ಎಂದೆ, "ಲೋಟಕ್ಕೆ ಒಂದು ಚಮಚ ಹಾಕ್ತೀರೋ, ಎರಡು ಹಾಕ್ತೀರೋ?"

ಅವರು ಬಾಗಿಲ ಚಿಲಕಕ್ಕೆ ಕೈ ಹಾಕಿದರು.

"ನಾನು ಒಂದು ಹಾಕ್ತಿದ್ದೆ. ಗಟ್ಟಿ ಆದ್ರೆ ದಕ್ಕಲ್ಲ ಅಂತ. ನನ್ನ ಮಗೂನೂ ಅಳ್ತಿರಲಿಲ್ಲ. ಆಗಲೂ ಬೀದಿಗೆ ಉಪ್ಪು ಇತ್ತು. ಅವಳು ಹೋದ ದಿನ ಮಧ್ಯಾಹ್ನ ಕೂಡ ನಮ್ಮ ಮನೆ ಸಾರಿಗೆ ಉಪ್ಪು ಸರಿಯಾಗಿತ್ತು. ನಿಮಗೂ ಜ್ಞಾಪಕ ಇರಬೇಕು, ನೀವು ಬಂದಿದ್ರಿ. ಅದು ಗ್ರಹ ಅಲ್ಲ. ನಾನೇ ಕೈಯಾರೆ ನೀರು ಕುಡಿಸಿ ಕುಡಿಸಿ ಕಳಕೊಂಡೆ. ಹದಿನೇಳು ವರ್ಷದಿಂದ ನನಗೆ ಗೊತ್ತು. ಯಾರಿಗೂ ಹೇಳಲಿಲ್ಲ. ನಿಮಗೆ ಹೇಳ್ತಾ ಇದ್ದೀನಿ."

ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿ ಮುಗಿಸಿದೆ. ರುದ್ರಾಣಮ್ಮ ಹೊಸ್ತಿಲಿನ ಮೇಲೆ ಕೂತರು.

"ಜನ ಅವಳನ್ನ ಆಡಿಕೊಳ್ಳೋದು ನೋಡಕ್ಕಾಗ್ಲಿಲ್ಲ" ಎಂದರು. "ತಾಯಿ ಇಲ್ಲದ ಹುಡುಗಿ. ನೀವೂ ಬಂದು ಅಂದ್ರಿ. ಮಾರನೇ ದಿನ ನಾನೇ ಹೋಗಿ ಡಬ್ಬಿ ತಂದೆ. ಅವಳು ಬೇಡ ಅಂದ್ಲು, ನಾನು ಕೇಳಲಿಲ್ಲ. ಒಂದು ಚಮಚ."

ಸುಗುಣ ಮರೆಯಿಂದ ಹೊರಗೆ ಬಂದು ಯಾರ ಮುಖವನ್ನೂ ನೋಡದೆ ಮಗುವನ್ನು ಜುಬೇದಮ್ಮನ ಕೈಗೆ ಕೊಟ್ಟಳು. ಬಾಗಿಲಿನ ಮೇಲಿನ ಕೊಕ್ಕೆಗೆ ತಕ್ಕಡಿ ಸಿಕ್ಕಿಸಿ ಮಗುವನ್ನು ಜೋಲಿಗೆ ಮಲಗಿಸಿದರು. ತುಂಬುಗೆನ್ನೆ ಇದ್ದ ಮಗುವಿನ ಮುಖ ಮುದುಕಿಯದಾಗಿತ್ತು. ತೊಡೆಯ ಚರ್ಮ ಮಡಿಕೆ ಬಿದ್ದಿತ್ತು. ಮುಳ್ಳು ಎರಡು ಕೆಜಿ ಇನ್ನೂರರ ಹತ್ತಿರ ನಿಂತಿತು. ಹುಟ್ಟಿ ಇಪ್ಪತ್ನಾಲ್ಕು ದಿನವಾಗಿತ್ತು. ಜುಬೇದಮ್ಮ ಮಗುವಿನ ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆದರು. ಅದು ಅಳಲಿಲ್ಲ, ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು.

"ಈಗಲೇ ದೊಡ್ಡಾಸ್ಪತ್ರೆಗೆ ಹೋಗಬೇಕು" ಎಂದರು.

ಷಡಕ್ಷರಿಯನ್ನು ಕರೆಯಲು ಜನ ಓಡಿದರು. ಅವನು ಮೇಲಿನ ಬೀದಿಗೆ ನೀರು ಬಿಟ್ಟವನು ವಾಲ್ವ್ ಮುಚ್ಚುವುದನ್ನೂ ಮರೆತು ಬಂದ. ಆಟೋದಲ್ಲಿ ಸುಗುಣ, ಅವನು, ಜುಬೇದಮ್ಮ, ನಾನು. ಮೆಸ್ಸಿನ ಬಾಗಿಲು ಹಾಕಿದೆನೋ ಇಲ್ಲವೋ ಅನ್ನುವುದೂ ನನಗೆ ನೆನಪಿಲ್ಲ. ದಾರಿಯಲ್ಲಿ ಮಗುವಿನ ಎಡಗೈ ಸೆಟೆದು ನಡುಗತೊಡಗಿತು. ಆ ನಡುಕ ನನಗೆ ಪರಿಚಯದ್ದು. ಸುಗುಣ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ, ಮಗುವಿನ ಆ ಕೈಯನ್ನು ತನ್ನ ಕುಪ್ಪಸದೊಳಗೆ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದಳು. ಆಸ್ಪತ್ರೆ ತಲುಪುವವರೆಗೆ ಬಿಡಲಿಲ್ಲ.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ನಮ್ಮ ಬೀದಿಯ ಸಂಗತಿ ಏನೂ ತಿಳಿಯದವರು. ರಕ್ತ ಪರೀಕ್ಷೆಯ ಚೀಟಿ ಹಿಡಿದು ಹೊರಗೆ ಬಂದು, "ಬರೀ ನೀರು ಹೋಗಿ ಹೋಗಿ ಮಗುವಿನ ರಕ್ತದಲ್ಲಿ ಉಪ್ಪಿನಂಶ ತುಂಬಾ ಇಳಿದುಬಿಟ್ಟಿದೆ. ಅದಕ್ಕೇ ಫಿಟ್ಸ್ ಬಂದಿರೋದು. ಮೆಲ್ಲಗೆ ಏರಿಸಬೇಕು, ಗಡಿಬಿಡಿ ಮಾಡೋ ಹಾಗಿಲ್ಲ. ನಾಳೆ ಕಳೀಲಿ, ಆಮೇಲೆ ಹೇಳ್ತೀನಿ" ಎಂದರು. ಷಡಕ್ಷರಿ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತ. ಒಂದು ವಾರ ನಾವೆಲ್ಲ ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡದ್ದು ನನಗೆ ನೆನಪಾಯಿತು. ಹೊರಗೆ ಹೋಗಿ ನಲ್ಲಿಯ ಹತ್ತಿರ ವಾಂತಿ ಮಾಡಿದೆ.

ನಾಳೆ ಕಳೆಯಿತು, ನಾಡಿದ್ದೂ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಮಗು ಗಟ್ಟಿಯಾಗಿ ಅತ್ತಿತು. ಆ ವಾರ್ಡಿನಲ್ಲಿ ಮಗುವಿನ ಅಳು ಕೇಳಿ ಸಂತೋಷಪಟ್ಟ ತಾಯಿ ಸುಗುಣ ಒಬ್ಬಳೇ ಇರಬೇಕು. ಅಲ್ಲಿಂದ ಜುಬೇದಮ್ಮನ ಪಾಠ ಶುರುವಾಯಿತು. ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅಂಟಿಸಿ ಮಲಗಿಸಿದರು. ಮೊಲೆತೊಟ್ಟಲ್ಲದೆ ಅದರ ಸುತ್ತಿನ ಕಪ್ಪು ಭಾಗವೂ ಬಾಯಿಗೆ ಹೋಗುವ ಹಾಗೆ ಹಿಡಿಸುವುದನ್ನು ತೋರಿಸಿದರು. ಮಗು ಬಿಟ್ಟ ಮೇಲೆ ಕೈಯಿಂದ ಹಿಂಡಿ ಬಟ್ಟಲಿಗೆ ತೆಗೆಸಿದರು. ಮೊದಲ ದಿನ ಬಟ್ಟಲಿನ ತಳವೂ ಮುಚ್ಚಲಿಲ್ಲ. ಸುಗುಣ ಅದನ್ನು ನೋಡುತ್ತಾ ಕೂತಳು.

"ಇಷ್ಟೇನಾ ಸಿಸ್ಟರ್?"

"ರಕ್ತ ಅಷ್ಟು ಹೋದೋರಿಗೆ ಹಾಲು ತಡವಾಗಿ ಬರುತ್ತಮ್ಮ. ಕೆಲವರಿಗೆ ಪೂರ್ತಿ ಬರೋದೇ ಇಲ್ಲ. ನೀನು ಏನೂ ತಪ್ಪು ಮಾಡಿಲ್ಲ. ಬಂದಷ್ಟು ಕೊಡು. ಸಾಲದಿದ್ದಷ್ಟಕ್ಕೆ ಡಬ್ಬಿ ಇದೆ. ಸರಿಯಾಗಿ ಕಲಸಿದ್ರೆ ಅದೂ ಅವಳನ್ನ ಸಾಕುತ್ತೆ."

"ಬೀದಿಯವರು ಏನಂತಾರೆ?"

ಜುಬೇದಮ್ಮ ಉತ್ತರ ಕೊಡುವ ಮೊದಲೇ ನಾನು, "ಅನ್ನೋರಲ್ಲಿ ಮೊದಲನೆಯವಳು ನಾನು. ನನ್ನ ಬಾಯಿ ಈಗ ಮುಚ್ಚಿದೆ, ಉಳಿದೋರದ್ದು ನನಗೆ ಬಿಡು" ಎಂದೆ. ಅವಳು ಬಟ್ಟಲನ್ನು ನನ್ನ ಕಡೆ ಚಾಚಿದಳು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. "ಬಟ್ಟಲು ಹಿಡ್ಕೊಳ್ಳಿ ದೊಡ್ಡಮ್ಮ, ಕೈ ನೋಯ್ತಿದೆ" ಎಂದಳು. ಹಿಡಿದುಕೊಂಡೆ.

ಹನ್ನೊಂದು ದಿನಕ್ಕೆ ಮನೆಗೆ ಬಂದರು. ಮಗು ಎರಡು ಕೆಜಿ ಆರುನೂರಕ್ಕೆ ಏರಿತ್ತು. ರುದ್ರಾಣಮ್ಮ ಡಬ್ಬಿಯ ಅಳತೆಯನ್ನು ಷಡಕ್ಷರಿಯ ಕೈಲಿ ಗೋಡೆಯ ಮೇಲೆ ಇದ್ದಿಲಿನಿಂದ ಕನ್ನಡದಲ್ಲಿ ಬರೆಸಿದರು. ಮೂವತ್ತು ಎಂಎಲ್ ಕುದಿಸಿದ ನೀರಿಗೆ ಡಬ್ಬಿಯೊಳಗಿನ ಚಮಚದಲ್ಲಿ ಒಂದು ಚಮಚ, ಮಟ್ಟವಾಗಿ, ಒತ್ತಬಾರದು. ಪಾತ್ರೆ, ಹಾಲು ಕುಡಿಸುವ ಒಳಲೆ ಎರಡನ್ನೂ ಪ್ರತಿ ಸಲ ಕುದಿಸಬೇಕು. ಉಳಿದದ್ದು ಚೆಲ್ಲಬೇಕು. ತಮಗೆ ಓದಲು ಬರದಿದ್ದರೂ ಆ ಸಾಲುಗಳ ಮುಂದೆ ನಿಂತೇ ಕಲಸುತ್ತಿದ್ದರು. ಮೊದಲು ಸುಗುಣ ಎದೆ ಕೊಡುತ್ತಿದ್ದಳು. ಅಲ್ಲಿ ಮುಗಿದ ಮೇಲೆ ಅತ್ತೆ ಒಳಲೆಯಿಂದ ಹನಿಹನಿಯಾಗಿ ಕುಡಿಸುತ್ತಿದ್ದರು. ಒಂದು ತಿಂಗಳಿಗೆ ಸುಗುಣಳ ಹಾಲು ಮಗುವಿಗೆ ಬೇಕಾದುದರ ಅರ್ಧದಷ್ಟಾಯಿತು. ಅದಕ್ಕಿಂತ ಹೆಚ್ಚಾಗಲಿಲ್ಲ. ಅವಳು ಅದಕ್ಕೆ ಹೊಂದಿಕೊಂಡಳು. ಒಂದೊಂದು ದಿನ ಅಳುತ್ತಿದ್ದಳು, ಅದನ್ನು ಬಚ್ಚಿಡುತ್ತಿರಲಿಲ್ಲ.

ಉಪ್ಪು ಮತ್ತೆ ಹೋಗಿ ಬರಲು ಶುರುವಾಯಿತು. ಈಗ ಬರುವುದು ಸ್ವಲ್ಪ ನಿಧಾನ, ಎದೆಹಾಲಿನ ಹಾಗೆ ತಕ್ಷಣ ಅಲ್ಲ. ಒಂದು ದಿನ ಮೆಸ್ಸಿನಲ್ಲಿ ಕಾಲು ಗಂಟೆಯಾದರೂ ಸಪ್ಪೆ ಇತ್ತು. ಹೊಸದಾಗಿ ಬಂದ ಗುಮಾಸ್ತನೊಬ್ಬ, "ಎಂಥ ತಾಯಿ ರೀ ಅವಳು, ಎದೆ ಹಾಲು ಬಿಟ್ಟು ಡಬ್ಬಿ ಹಾಲು ಕುಡಿಸ್ತಾಳಂತೆ" ಎಂದ. ನಾನು ಬಡಿಸುವುದನ್ನು ನಿಲ್ಲಿಸಿ ಅವನ ಎದುರು ಕೂತೆ. ನನ್ನ ಮಗುವಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಅವನಿಗೆ ಹೇಳಿದೆ. ನಲವತ್ತು ಜನ ಕೇಳಿಸಿಕೊಂಡರು. ನಾನು ಮುಗಿಸಿದ ಮೇಲೆ ಮೂಲೆಯಿಂದ ಕಂಡಕ್ಟರು ಮೆಲ್ಲಗೆ, "ನೀರು ಕುದೀತಾ ಇರಬೇಕು, ಕಾಯೋಣ" ಎಂದ. ಎಲ್ಲರೂ ಕಾದರು. ಅವತ್ತಿನಿಂದ ಬೀದಿಯಲ್ಲಿ ಒಂದು ಹೊಸ ಪದ್ಧತಿಯಾಯಿತು. ಸೋಮವಾರ ಬೆಳಿಗ್ಗೆ ಜುಬೇದಮ್ಮನ ತಕ್ಕಡಿ ನನ್ನ ಮೆಸ್ಸಿನ ತೊಲೆಗೆ ತೂಗಿಬೀಳುತ್ತದೆ. ಉಪ್ಪು ಇರಲಿ ಬಿಡಲಿ, ಬೀದಿಯ ಎಲ್ಲ ಎಳೆಗೂಸುಗಳೂ ಅದರಲ್ಲಿ ಮಲಗಿ ಎದ್ದು ಹೋಗುತ್ತವೆ. ದೃಷ್ಟಿಯಾಗುತ್ತೆ ಅನ್ನುವವರು ತೂಗಿದ ಮೇಲೆ ಮಗುವಿನ ಕೆನ್ನೆಗೆ ಕಾಡಿಗೆ ಹಚ್ಚುತ್ತಾರೆ. ಅದಕ್ಕೆ ಜುಬೇದಮ್ಮ ಏನೂ ಅನ್ನುವುದಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ, ಎಲೆಗಳನ್ನೆಲ್ಲ ಎತ್ತಿ ನೆಲ ಒರೆಸಿ ಕೂತಿದ್ದೆ. ರುದ್ರಾಣಮ್ಮ ಒಬ್ಬರೇ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಮಲ್ಲಾಜಮ್ಮನೋರೆ, ನಿಮ್ಮ ಮಗೂನ ಎಲ್ಲಿ ಮಣ್ಣು ಮಾಡಿದ್ರಿ?" ಎಂದು ಕೇಳಿದರು.

ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಅವತ್ತು ಯಜಮಾನರೂ ಅವರ ತಮ್ಮನೂ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದರು. ಕಾಲುವೆ ಏರಿಯ ಕೆಳಗೆ, ಹೊಂಗೆ ಮರಗಳ ಹತ್ತಿರ ಎಂದು ಯಜಮಾನರು ಒಂದೇ ಸಲ ಹೇಳಿದ್ದರು. ನಾನು ಅಲ್ಲಿಗೆ ಯಾವತ್ತೂ ಹೋಗಿರಲಿಲ್ಲ. ಹಾಗೆಂದು ಹೇಳಿದೆ.

"ಬನ್ನಿ, ಹೋಗೋಣ" ಎಂದರು.

ಇಬ್ಬರೂ ನಡೆದೆವು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಹೊಂಗೆ ಮರಗಳು ಈಗ ಒಂದು ತೋಪಿನಷ್ಟು ಆಗಿದ್ದವು. ಯಾವ ಮರದ ಬುಡ ಎಂದು ಹೇಳುವವರು ಯಾರೂ ಇರಲಿಲ್ಲ. ನೆಲ ಎಲ್ಲ ಕಡೆ ಒಂದೇ ಥರ, ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ರುದ್ರಾಣಮ್ಮ ಒಂದು ಕಡೆ ಹುಲ್ಲನ್ನು ಕೈಯಿಂದ ಒತ್ತಿ ಜಾಗ ಮಾಡಿ ಕೂತರು. ನಾನೂ ಕೂತೆ.

"ನಿಮ್ಮ ಮಗು ಹೋಗಿದ್ದಕ್ಕೆ ನಮ್ಮ ಮಗು ಉಳೀತು ಅಂತ ಷಡಕ್ಷರಿ ಅಂದ" ಎಂದರು. "ನಾನು ಬೈದೆ. ಹಂಗನ್ನೋದು ತಪ್ಪು. ನಿಮ್ಮದೂ ಉಳೀಬೇಕಿತ್ತು."

ಇಷ್ಟು ವರ್ಷದಲ್ಲಿ ಆ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಹಣೆಬರಹ ಅಂದಿದ್ದರು, ಋಣ ಅಷ್ಟೇ ಅಂದಿದ್ದರು, ಇನ್ನೊಂದು ಆಗುತ್ತೆ ಅಂದಿದ್ದರು. ಇನ್ನೊಂದು ಆಗಲಿಲ್ಲ.

"ಹೆಸರಿಟ್ಟಿದ್ರಾ?"

"ಕಾತ್ಯಾಯಿನಿ."

"ಹೆಂಗಿದ್ದಳು? ಹೇಳಿ. ನನಗೆ ಸರಿಯಾಗಿ ಜ್ಞಾಪಕ ಇಲ್ಲ."

ಒಂದೊಂದೇ ನೆನಪಿಗೆ ಬಂತು. ತಲೆ ತುಂಬ ಕೂದಲಿತ್ತು, ಎಡಗಿವಿಯ ಹಾಲೆ ಸ್ವಲ್ಪ ಮಡಚಿತ್ತು ಎಂದೆ. ಸೀನು ಬಂದರೆ ಎರಡೇ ಸಲ, ಮೂರನೆಯದು ಇಲ್ಲ ಎಂದೆ. ಎತ್ತಿಕೊಂಡು ಬಾಗಿಲಿಗೆ ಬಂದರೆ ಬೆಳಕಿಗೆ ಮುಖ ಸಿಂಡರಿಸುತ್ತಿದ್ದಳು. ರುದ್ರಾಣಮ್ಮ ಹೂಂಗುಟ್ಟುತ್ತಾ ಕೇಳಿದರು. ಕುಡಿಯುವಾಗ ನನ್ನ ಕಿರುಬೆರಳನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು ಎಂದೆ. ನಾನು ಕೊಟ್ಟದ್ದನ್ನು ಒಂದು ದಿನವೂ ಬೇಡ ಅನ್ನಲಿಲ್ಲ ಎಂದೆ.

ಅಷ್ಟಕ್ಕೆ ನನ್ನಿಂದ ಆಗಲಿಲ್ಲ. ರುದ್ರಾಣಮ್ಮ ನನ್ನ ತಲೆಯನ್ನು ಎಳೆದು ತಮ್ಮ ತೊಡೆಯ ಮೇಲೆ ಹಾಕಿಕೊಂಡರು. ನಾನು ಐವತ್ತು ದಾಟಿದ ಹೆಂಗಸು, ಕಾಲುವೆ ಏರಿಯ ಮೇಲೆ ಜನ ಓಡಾಡುತ್ತಿದ್ದರು. ಆದರೂ ಎದ್ದು ಕೂರಬೇಕು ಅನ್ನಿಸಲಿಲ್ಲ.